ಗೊರಕೆ ಮಾವನನ್ನು ನಾಲ್ಕು ಸಲ ಎಣಿಸಿದವರಿಗೆ

ಆರೋಗ್ಯ ಇಲಾಖೆಯ ತಪಾಸಣಾಧಿಕಾರಿಗಳಾದ ಮಾನ್ಯರೇ,

ಮಾನ್ಯರೇ ಎನ್ನುವುದು ಪತ್ರದ ವಾಡಿಕೆ, ನನ್ನ ಅಭಿಪ್ರಾಯವಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಯಂತ್ರ ಇರುವುದು ಒಂದು. ನೀವು ಎಣಿಸಿಕೊಂಡು ಹೋದದ್ದು ನಾಲ್ಕು. ಅದರಲ್ಲಿ ಎರಡು ಹೆಚ್ಚುವರಿ ಎಂದು ತೀರ್ಮಾನಿಸಿ, ಒಂದೂ ಇಲ್ಲದ ಪಕ್ಕದೂರಿನ ಆಸ್ಪತ್ರೆಗೆ ಸಾಗಿಸಲು ಆದೇಶ ಹೊರಡಿಸಿದ್ದೀರಿ. ಸೋಮವಾರ ಲಾರಿ ಬರುತ್ತದಂತೆ. ಒಂದರಲ್ಲಿ ಎರಡು ಕಳೆಯುವ ವಿದ್ಯೆಯನ್ನು ನಿಮಗೆ ಯಾವ ಮೇಷ್ಟ್ರು ಕಲಿಸಿದರೋ ತಿಳಿಯದು. ಆ ಲೆಕ್ಕದ ಕೆಳಗೆ ಶೇಷವಾಗಿ ಉಳಿಯುವವಳು ನನ್ನ ಅಮ್ಮ.

ಅಮ್ಮ ಹತ್ತಿ ಗಿರಣಿಯಲ್ಲಿ ನೆಲ ಗುಡಿಸಿದವಳು. ಊರಿಗೆಲ್ಲ ಬಟ್ಟೆಯಾದ ಹತ್ತಿಯ ಧೂಳು ಇವಳ ಎದೆಯಲ್ಲಿ ಉಳಿಯಿತು. ಈಗ ಮೂಗಿಗೆ ನಳಿಕೆ ಇಟ್ಟರೆ ಮಾತ್ರ ಮಾತು, ತೆಗೆದರೆ ಏದುಸಿರು. ಸಿಲಿಂಡರುಗಳು ಆಪರೇಷನ್ ಕೋಣೆಗೇ ಸಾಲುವುದಿಲ್ಲ. ಉಳಿದವರಿಗೆಲ್ಲ ಈ ಒಂದು ಯಂತ್ರವೇ ಗತಿ. ಗಾಳಿಯಿಂದ ಆಮ್ಲಜನಕ ಸೋಸುವಾಗ ಅದು ಊಟವಾದ ಮೇಲೆ ಅಡ್ಡಾದವನ ಹಾಗೆ ಸದ್ದು ಮಾಡುತ್ತದೆ, ಅದಕ್ಕೇ ವಾರ್ಡಿನವರೆಲ್ಲ ಅದನ್ನು ಗೊರಕೆ ಮಾವ ಅನ್ನುತ್ತಾರೆ. ಒಂದು ಚಕ್ರ ಮುರಿದಿದೆ. ಪಕ್ಕೆ ಒಡೆದ ಕಡೆ, ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರನ್ನೇ ಅಡ್ಡಡ್ಡ ಅಂಟಿಸಿದ್ದಾರೆ. ಅಮ್ಮನ ಪಕ್ಕದ ಮಂಚದಲ್ಲಿ ಇಟ್ಟಿಗೆ ಗೂಡಿನಲ್ಲಿ ದುಡಿದು ಬಂದ ಒಬ್ಬಾಕೆ ಇದ್ದಾಳೆ, ಎಲ್ಲರಿಗೂ ಇಟ್ಟಿಗೆ ಅಕ್ಕ. ಇಬ್ಬರಿಗೂ ಒಂದೇ ನಳಿಕೆ, ಸರದಿಯ ಮೇಲೆ. ಅಮ್ಮ ತುಸು ಹೆಚ್ಚು ಹೊತ್ತು ಇಟ್ಟುಕೊಂಡರೆ ಅವಳು ಸುಮ್ಮನಿರುವವಳಲ್ಲ.

"ಕೊಡೇ ಇತ್ಲಾಗೆ. ಅವ್ನೇನು ನಿಂಗೊಬ್ಬಳಿಗೇ ಮಾವನಾ?"

ಇನ್ನು ನಿಮ್ಮ ತಪಾಸಣೆಯ ವೈಭವಕ್ಕೆ ಬರೋಣ. ನೀವು ಬರುವ ದಿನವನ್ನೂ, ಬಂದಾಗ ವಾರ್ಡಿಗೊಂದು ಆಕ್ಸಿಜನ್ ಯಂತ್ರವೂ ಸೇರಿ ಏನೇನು ಕಂಡರೆ ನಿಮಗೆ ಸಂತೋಷ ಎಂಬುದನ್ನೂ ನಿಮ್ಮ ಕಚೇರಿಯೇ ಮೊದಲು ತಿಳಿಸುತ್ತದೆ. ಕಳ್ಳನಿಗೆ ಪೊಲೀಸರು ಹೇಳಿ ಕಳಿಸಿ ಬರುವ ಪದ್ಧತಿ ಇದೊಂದೇ ಇರಬೇಕು. ಹಿಂದಿನ ಸಲ ಒಬ್ಬ ನರ್ಸಮ್ಮ "ಇರೋದೇ ಒಂದು ಸರ್" ಎಂದು ಬಾಯಿಬಿಟ್ಟದ್ದಕ್ಕೆ ಆಕೆಯನ್ನು ಬಸ್ಸೂ ಹೋಗದ ಊರಿಗೆ ಎತ್ತಿಹಾಕಿದಿರಿ. ಉಳಿದವರು ಪಾಠ ಕಲಿತರು. ನೀನು ಹೊಡೆದಂತೆ ಮಾಡು, ನಾನು ಅತ್ತಂತೆ ಮಾಡುತ್ತೇನೆ. ಈ ಸಲ ನೀವು ಮುಂದಿನ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, ಕೈ ಮುಗಿಸಿಕೊಳ್ಳುತ್ತ ಬರುವಷ್ಟರಲ್ಲಿ ಗೊರಕೆ ಮಾವ ಅಮ್ಮನ ಮಂಚದಿಂದೆದ್ದು, ಹಿಂದಿನ ಮೆಟ್ಟಿಲುಗಳ ಮೇಲೆ ಹೆರಿಗೆ ವಾರ್ಡಿಗೆ, ಅಲ್ಲಿಂದ ಮಕ್ಕಳ ವಾರ್ಡಿಗೆ, ಅಲ್ಲಿಂದ ಗಂಡಸರ ವಾರ್ಡಿಗೆ ಸವಾರಿ ಹೊರಟ. ಒಂದು ಕಡೆ ವಾರ್ಡಿನ ಆಳು ಹಿಡಿದರೆ ಇನ್ನೊಂದು ಕಡೆಗೆ ಅಮ್ಮನನ್ನು ನೋಡಲು ಬಂದಿದ್ದ ನನ್ನ ಭಾವನನ್ನು ಹೂಡಿದರು. ಮಕ್ಕಳ ವಾರ್ಡಿನಲ್ಲಿ ಒಬ್ಬ ತಾಯಿ, ಕೊನೆಗೂ ತನ್ನ ಕೂಸಿಗೆ ಯಂತ್ರ ಬಂತೆಂದು ಹಾಸಿಗೆ ಸರಿಮಾಡಿ ಜಾಗ ಬಿಟ್ಟಳಂತೆ. ನೀವು ನೋಡಿ ಎಣಿಸಿ ಬೆನ್ನು ತಿರುಗಿಸಿದ ಕೂಡಲೇ ಅದನ್ನು ಎತ್ತಿಕೊಂಡು ಹೊರಟರು. ಅವಳ ಮುಖ ನೋಡಲಾರದೆ ಭಾವ ಗೋಡೆ ನೋಡಿಕೊಂಡು ಬಂದನಂತೆ.

ನಮ್ಮ ಹೆಂಗಸರ ವಾರ್ಡಿಗೆ ಮಾತ್ರ ಯಂತ್ರಕ್ಕಿಂತ ಮೊದಲು ನೀವು ಬಂದುಬಿಟ್ಟಿರಿ. ನಿಮ್ಮ ಜೀವನದಲ್ಲಿ ಯಾವುದಾದರೂ ಕೆಲಸಕ್ಕೆ ಬೇಗ ಬಂದದ್ದಿದ್ದರೆ ಅದು ಅವತ್ತೇ ಇರಬೇಕು. ಅಮ್ಮ ಗಾಳಿಗಾಗಿ ಬಾಯಿ ತೆರೆದು ಕೂತಿದ್ದಳು. ನೀವು ಬಗ್ಗಿ ಕೇಳಿದಿರಿ, "ಏನಮ್ಮಾ, ಚೆನ್ನಾಗಿ ನೋಡ್ಕೋತಿದಾರಾ?" ಅವಳ ಬಾಯಿ ಇನ್ನಷ್ಟು ಅಗಲವಾಯಿತು. ನೀವು ಹಿಂದಿದ್ದವರತ್ತ ತಿರುಗಿ, "ನಗ್ತಿದಾರೆ ನೋಡಿ" ಅಂದಿರಿ. ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎಂಬ ಗಾದೆ ನಿಮ್ಮ ಕಿವಿಗೆ ಬಿದ್ದಿಲ್ಲವೇ? ಅಷ್ಟರಲ್ಲಿ ಬೆವರು ಸುರಿಸುತ್ತ ಮಾವನನ್ನು ಹೊತ್ತು ತಂದರು. ಭಾವ ನನ್ನ ಕಿವಿಯಲ್ಲಿ, "ಹೆಣ್ಣು ನೋಡೋಕೂ ನಾನಿಷ್ಟು ಮನೆ ತಿರುಗಿರ್ಲಿಲ್ಲ ಕಣಮ್ಮಾ" ಅಂದ. ನೀವು ಪ್ಲಾಸ್ಟರಿನ ಮೇಲೆ ಬೆರಳಿಟ್ಟು, "ನಾಲ್ಕಕ್ಕೂ ಒಂದೇ ಥರ ಪಟ್ಟಿ ಹಾಕಿದೀರಲ್ಲ, ಶಿಸ್ತು ಅಂದ್ರೆ ಇದು" ಅಂದಿರಿ.

ಆ ಮಾತನ್ನು ನಾನು ಎಷ್ಟೋ ಸಲ ಮಗುಚಿ ನೋಡಿದ್ದೇನೆ. ನೀವು ನಿಜವಾಗಿ ನಂಬಿದಿರೋ, ತಿಳಿದೂ ತಿಳಿಯದವರಂತೆ ಆಡಿದಿರೋ? ನಂಬಿದ್ದರೆ ಸಂತೆಯಲ್ಲಿ ಒಂದು ಕೋಳಿ ಕೊಂಡು ತರಲೂ ನಿಮ್ಮನ್ನು ಕಳಿಸಬಾರದು. ತಿಳಿದಿದ್ದರೆ, ನಮ್ಮೆಲ್ಲರ ಕಣ್ಣೆದುರೇ ಒಬ್ಬ ಹೆಂಗಸಿನ ಉಸಿರು ಕಿತ್ತು ಶಿಸ್ತು ಎಂದು ಹೊಗಳಿದವರು ನೀವು. ಎರಡರಲ್ಲಿ ಯಾವುದೆಂದು ನೀವೇ ಆರಿಸಿಕೊಳ್ಳಿ, ನನಗೆ ಎರಡೂ ಒಂದೇ.

ಆಸ್ಪತ್ರೆಯವರದೂ ತಪ್ಪಲ್ಲವೇ ಎನ್ನುತ್ತೀರಿ. ತಪ್ಪೇ. ಹೆದರಿಕೆಯವರ ತಪ್ಪು. ಆದೇಶ ಬಂದ ದಿನ, ಈಗಲಾದರೂ ನಿಜ ಹೇಳಿ ಎಂದು ಹಿರಿಯ ನರ್ಸಮ್ಮನನ್ನು ಹಿಡಿದು ಕೇಳಿದೆ. ಆಕೆ ಬಾಗಿಲು ಮುಂದೆ ಮಾಡಿ ಹೇಳಿದರು: "ನಾಲ್ಕಿದೆ ಅಂತ ನಾವೇ ತೋರಿಸಿದ್ದು ತಾಯಿ. ಈಗ ಒಂದೇ ಅಂದ್ರೆ, ಮಿಕ್ಕ ಮೂರು ಕದ್ದಿದ್ದು ಯಾರು ಅಂತ ನಮ್ಮನ್ನೇ ಕೇಳ್ತಾರೆ." ಹಾಗಾಗಿ ಇರುವ ಒಂದನ್ನು ಲಾರಿ ಹತ್ತಿಸಿ, ಇನ್ನೊಂದು ರಿಪೇರಿಗೆ ಹೋಗಿದೆ ಎಂದು ಹೇಳುವುದಾಗಿ ಅವರು ತೀರ್ಮಾನಿಸಿದ್ದಾರೆ. ನಿಮ್ಮ ಆಡಳಿತದಲ್ಲಿ ಇಲ್ಲದ ಯಂತ್ರಕ್ಕೆ ಕಾವಲುಗಾರರಿದ್ದಾರೆ, ಇರುವ ಜೀವಕ್ಕೆ ಯಾರೂ ಇಲ್ಲ.

ಪಕ್ಕದೂರಿನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅಲ್ಲಿಯೂ ಏದುಸಿರು ಬಿಡುವ ಅಮ್ಮಂದಿರಿದ್ದಾರೆ. ಒಬ್ಬ ಬಡವಿಯ ಮೂಗಿನಿಂದ ಕಿತ್ತು ಇನ್ನೊಬ್ಬ ಬಡವಿಯ ಮೂಗಿಗೆ ಸಿಕ್ಕಿಸಿ, ಅದನ್ನು ಹಂಚಿಕೆ ಎಂದು ಕರೆಯುವ ನಿಮ್ಮ ನಾಚಿಕೆಗೇಡಿತನದ ಮೇಲೆ ನಮ್ಮ ಸಿಟ್ಟು. ಹಂಚಿಕೊಳ್ಳುವುದು ಏನೆಂದು ತಿಳಿಯಬೇಕಿದ್ದರೆ ಅಮ್ಮನನ್ನೂ ಇಟ್ಟಿಗೆ ಅಕ್ಕನನ್ನೂ ಕೇಳಿ.

ನಮ್ಮ ಒತ್ತಾಯ ಇಷ್ಟೇ. ಆದೇಶ ಹಿಂತೆಗೆದುಕೊಳ್ಳಿ. ನಿಮ್ಮ ವರದಿಯಲ್ಲಿ ನಾಲ್ಕನ್ನು ಹೊಡೆದುಹಾಕಿ ಒಂದು ಎಂದು ಬರೆಯಿರಿ, ಇಲ್ಲದ ಮೂರನ್ನು ಕಳಿಸಿಕೊಡಿ, ಪಕ್ಕದೂರಿಗೆ ಹೊಸದನ್ನೇ ಕೊಡಿ. ಒಂದೇ ಎಂದು ಹೇಳಿದ್ದಕ್ಕೆ ಎತ್ತಂಗಡಿಯಾದ ನರ್ಸಮ್ಮನನ್ನು ವಾಪಸು ಕರೆಸಿ. ಆಗುವುದಿಲ್ಲ ಎನ್ನುವುದಾದರೆ ಸೋಮವಾರ ಲಾರಿಯ ಜೊತೆ ನೀವೂ ಬನ್ನಿ. ವಾರ್ಡಿನ ಬಾಗಿಲಿಗೆ ಅಡ್ಡವಾಗಿ ನಾವು ಕೂತಿರುತ್ತೇವೆ. ನಿಮ್ಮೊಬ್ಬರಿಗೆ ಮಾತ್ರ ದಾರಿ ಬಿಡುತ್ತೇವೆ. ಅಮ್ಮನ ಮೂಗಿನ ನಳಿಕೆಯನ್ನು ನೀವೇ, ನಿಮ್ಮ ಕೈಯಾರೆ ತೆಗೆಯಿರಿ. ಅವಳು ಈ ಸಲವೂ ಬಾಯಿ ತೆರೆಯುತ್ತಾಳೆ. ನಗುತ್ತಿದ್ದಾಳೆ ಎಂದು ಬರೆದುಕೊಂಡು ಹೋಗಿ.

ಇಂತಿ,
ನಿಮ್ಮ ಕಣ್ಣಿಗೆ ನಗುಮುಖದವಳಾಗಿ ಕಂಡ ರೋಗಿಯ,
ನಗು ಮರೆತ ಮಗಳು