ಸಂಚಿಯೊಳಗಿನ ಗುಳಿಗೆ

ಫೆಬ್ರವರಿ 11, ಮಂಗಳವಾರ
ಮತ್ತೆ ಕುರ್ಚಿಯಲ್ಲೇ ನಿದ್ದೆ. ನಿದ್ದೆ ಎನ್ನುವುದು ಮರ್ಯಾದೆಗೆ. ಬೆಳಗಾವಿಯಲ್ಲಿ ಬಲಭುಜದ ಹರಿದ ಸ್ನಾಯು ಹೊಲಿಸಿಕೊಂಡು ಬಂದಾಗಿನಿಂದ ಮೈ ಚಾಚುವಂತಿಲ್ಲ. ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ — ಬರೆಯಲು ಬರುತ್ತದೆ, ತಲೆ ಬಾಚಲು ಬರುವುದಿಲ್ಲ. ಅತ್ತೆ ಬಾಚುತ್ತಾರೆ, ಬಣವೆಯಿಂದ ಮೇವು ಹಿರಿದ ಹಾಗೆ.
ಮಧ್ಯಾಹ್ನ ಸಂಪಗಾಂವದ ಬೀಗರು ನೋಡಲು ಬಂದರು. ಹೊಲಿಗೆಯ ಮೇಲೆ ಎಳ್ಳೆಣ್ಣೆ ತಿಕ್ಕಬೇಕಂತೆ.
ಬಂದರು ಬೀಗರು, ತಂದರು ಬ್ರೆಡ್ಡು,
ಕುಡಿದರು ಚಹಾ, ಹೇಳಿದರು ಮದ್ದು.

ಫೆಬ್ರವರಿ 13
ಡಾಕ್ಟರು ಹೇಳಿದ್ದು: ಮೊದಲು ನೋವಿನ ಗುಳಿಗೆ, ಆಮೇಲೆ ಎಕ್ಸರ್‌ಸೈಜ್. ತಪ್ಪಿಸಿದರೆ ಭುಜ ಬಿಗಿದು ಕೈ ತಲೆ ಮುಟ್ಟುವುದಿಲ್ಲ. ಅಂದರೆ ಜೀವನಪೂರ್ತಿ ಅತ್ತೆಯ ಬಾಚಣಿಗೆ.
ಇದನ್ನೆಲ್ಲ ಕೇಳಿಯೂ ನನ್ನ ಯಜಮಾನರು ಗುಳಿಗೆಯ ಪಾಕೀಟು ಒಯ್ದು ತಾಯಿಯ ಎಲೆ-ಅಡಿಕೆಯ ಸಂಚಿಯಲ್ಲಿಟ್ಟರು.
"ಹಾಂಗ ತಿಂದ್ರ ಕಿಡ್ನಿ ಹೋಗ್ತಾವ. ಅವ್ವ ನೋಡ್ಕೊಂಡು ಕೊಡ್ತಾಳ."
ಮೊಬೈಲಿನಿಂದ ಬಂದ ಜ್ಞಾನ.
ಅತ್ತೆ: "ಐದು ಹಡದೇನಿ, ಒಂದ ಗುಳಿಗಿ ಕಂಡಿಲ್ಲ."
ಹಡೆದದ್ದರಲ್ಲಿ ಇವರೂ ಒಬ್ಬರು. ಆಗ ಗುಳಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 20
ಇಷ್ಟು ದಿನ ಬರೆಯುವ ತ್ರಾಣವಿರಲಿಲ್ಲ. ಕೇಳಿದಾಗ ಅರ್ಧ ಗುಳಿಗೆ ಸಿಗುತ್ತದೆ, ಸುಣ್ಣ ಮೆತ್ತಿದ್ದು. ಅರ್ಧ ಗುಳಿಗೆ, ಅರ್ಧ ಗಳಿಗೆ.
ಎಕ್ಸರ್‌ಸೈಜಿಗೆಂದು ತೊಲೆಯ ಮೇಲಿಂದ ಹಗ್ಗ ಇಳಿಬಿಟ್ಟಿದ್ದಾರೆ. ಒಂದು ತುದಿ ನೋವಿನ ಕೈಗೆ. ಇನ್ನೊಂದನ್ನು ಎಡಗೈಯಿಂದ ಎಳೆಯಬೇಕು. ಎದೆಮಟ್ಟಕ್ಕೂ ಏರಲಿಲ್ಲ. ಬಿಟ್ಟೆ.
ಪಾಕೀಟು ಮಾತ್ರ ಬೇಗ ಬರಿದಾಗುತ್ತಿದೆ.
"ಎಲ್ಲಿ ಹೋದುವ್ರಿ ಅತ್ತಿ?"
"ನೀನ ತಿಂದಿ. ನೋವಿನಾಗ ನೆಪ್ಪಿರೂದಿಲ್ಲ."

ಫೆಬ್ರವರಿ 24
ಡಾಕ್ಟರು ಕೈ ಎತ್ತಿ ನೋಡಿ ಬೈದರು. ಬಿಗಿಯತೊಡಗಿದೆಯಂತೆ. ಇವರು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡುತ್ತ ನಿಂತಿದ್ದರು, ಸಂಬಂಧವೇ ಇಲ್ಲದವರಂತೆ.
ಹೊಸ ಪಾಕೀಟು. ಮತ್ತೆ ಸಂಚಿಗೇ.

ಫೆಬ್ರವರಿ 26, ಶಿವರಾತ್ರಿ
ಯಾವಾಗಲೂ ಕೆಳಗೇ ನಿಂತು ಕೈ ಮುಗಿಯುವ ಅತ್ತೆ ಇವತ್ತು ಗುಡಿಯ ಮೆಟ್ಟಿಲು ಹತ್ತಿದರು. ಗೋಡೆ ಹಿಡಿಯದೆ.
"ಶಿವನ ಕೃಪಾ," ಎಂದರು ಇವರು.
ಮನೆಗೆ ಬಂದು ಹಿತ್ತಲಿಗೆ ಹೋದೆ. ಅಲ್ಲಿ ಅತ್ತೆ ಸಂಚಿ ಬಿಚ್ಚಿ ಶಿವನ ಕೃಪೆಯನ್ನು ನೀರು ಕುಡಿದು ನುಂಗುತ್ತಿದ್ದರು. ನನ್ನ ಗುಳಿಗೆಯ ಇನ್ನರ್ಧ.
ಬೈಯಲೆಂದು ಬಾಯಿ ತೆರೆದೆ. ಅವರು ಸೀರೆ ಎಳೆದು ಮೊಣಕಾಲು ಮುಚ್ಚಿಕೊಂಡರು. ಅದು ಬಾತು ಗಡಿಗೆಯಾಗಿತ್ತು.
"ಯಾವಾಗಿಂದ್ರಿ ಇದು?"
"ನೀ ಈ ಮನಿಗೆ ಬರೂಕಿಂತ ಮೊದಲ."
"ಹೇಳಬಾರದಾಗಿತ್ತೇನ್ರಿ?"
"ಯಾರಿಗೆ? ನನ್ನ ಮಗಗ?"
ಇಬ್ಬರೂ ನಕ್ಕೆವು. ಭುಜ ಕುಲುಕಿ ಜೀವ ಹೋಯಿತು.
"ನಾಳೆ ದವಾಖಾನಿಗೆ ಹೋಗೂಣು, ಬರ್ರಿ," ಎಂದೆ.

ಫೆಬ್ರವರಿ 28, ಸಂಜೆ
ನಿನ್ನೆ ಡಾಕ್ಟರು ಬರೆದುಕೊಟ್ಟರು: ಅತ್ತೆಗೆ ಅವರದೇ ಬೇರೆ ಗುಳಿಗೆ. ನನ್ನದು ನನ್ನ ದಿಂಬಿನಡಿ.
"ಇಬ್ರೂ ಕಿಡ್ನಿ ಕಳ್ಕೋತೀರಿ," ಎಂದು ಇವರು ಶುರು ಮಾಡಿದರು.
"ಸಂಗ್ಯಾ, ಚಹಾ ಮಾಡು," ಎಂದರು ಅತ್ತೆ, ಮಗನಿಗೆ.
ಸಕ್ಕರೆ ಎಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದಾರೆ.
ಇಡೀ ಗುಳಿಗೆ ನುಂಗಿ ಹಗ್ಗದ ಕೆಳಗೆ ಕುಳಿತೆ. ಎಡಗೈ ಸೋತಾಗ ಅತ್ತೆ ಬಂದು ಆ ತುದಿ ಹಿಡಿದರು.
"ಎಳೀಲೇನ?"
"ಎಳೀರಿ."
ಎದೆ. ಗಲ್ಲ. ಬೆರಳಿಗೆ ಕಿವಿಯ ಓಲೆ ತಾಗಿತು. ಕಣ್ಣಲ್ಲಿ ನೀರು.
"ಸಾಕೇನ?"
ತುರುಬಿಗೆ ಇನ್ನೂ ಗೇಣು ದೂರ.
"ಎಳೀರಿ ಅತ್ತಿ."
ಈಗ ಅತ್ತೆ ಬಾಚಣಿಗೆ ಹಿಡಿದು ಕರೆಯುತ್ತಿದ್ದಾರೆ. ಇವತ್ತು ಅದನ್ನು ಇಸಿದುಕೊಂಡು ಒಂದು ಸಲ ನಾನೇ ಬಾಚಿ ನೋಡುತ್ತೇನೆ. ಆಗದಿದ್ದರೆ ಅವರಿದ್ದಾರೆ, ಹಿರಿಯಲಿ. ಆಗಿಬಿಟ್ಟರೆ—