‘ಇಡ್ತೀನಿ’ ಅಂದ ಮೇಲೆ

ಪ್ರೀತಿಯ ಅಪ್ಪನಿಗೆ, ನಿಮ್ಮ ಸೂಜಿಯ ನಮಸ್ಕಾರಗಳು.

ಕಾಗದದ ಮೊದಲ ಸಾಲಿನಲ್ಲೇ ‘ನಾನಿಲ್ಲಿ ಕ್ಷೇಮ’ ಎಂದು ಬರೆಯುವುದು ವಾಡಿಕೆ. ಆ ಸಾಲನ್ನು ಸದ್ಯಕ್ಕೆ ಬಾಕಿ ಇಟ್ಟಿದ್ದೇನೆ, ಕೊನೆಗೆ ನೋಡೋಣ. ಫೋನ್ ಇರುವಾಗ ಕಾಗದವೇಕೆ ಎಂದು ನೀವು ಕನ್ನಡಕ ಹುಡುಕುತ್ತಾ ಗೊಣಗುತ್ತಿರುತ್ತೀರಿ. ಫೋನಿನಲ್ಲಿ ನಿಮ್ಮನ್ನು ಗೆಲ್ಲುವುದು ನನ್ನಿಂದ ಆಗದ ಕೆಲಸ. ನಾನು ಕಾಲಿನ ಸುದ್ದಿ ಎತ್ತುವಷ್ಟರಲ್ಲಿ ನೀವು ಬಿಸಿಲಿನ ಸುದ್ದಿಗೆ ಹೋಗಿರುತ್ತೀರಿ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ವಿಷಯ ಏನೆಂದು ನಿಮಗೆ ಗೊತ್ತೇ ಇದೆ. ಸೋಮವಾರ ಬೆಳಿಗ್ಗೆ ಆರೋಗ್ಯ ಇಲಾಖೆಯಿಂದ ಬರುವ ಕರೆಯನ್ನು ನೀವು ಎತ್ತುತ್ತಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಒಂದು ಸಲವೂ ಎತ್ತಿಲ್ಲವಂತೆ. ಫೋನು ಬಡಿದುಕೊಳ್ಳಲು ಶುರುವಾದರೆ ಅದರ ಮೇಲೆ ಒಂದು ಬಟ್ಟೆ ತುಂಡು ಹೊದಿಸಿ ಗುಂಡಿ ಹಚ್ಚುತ್ತಾ ಕೂರುತ್ತೀರೆಂದು ಅತ್ತಿಗೆ ಹೇಳಿದರು. ಯಾಕೆ ಎಂದು ಕೇಳಿದ್ದಕ್ಕೆ, “ಮಾತಾಡ್ತಾ ಇರುವಾಗಲೇ ಎದ್ದು ಹೋದವಳ ಹತ್ರ ನನಗೇನು ಮಾತು?” ಅಂದಿರಂತೆ. ಯಂತ್ರದ ಮೇಲೆ ಮುನಿಸಿಕೊಂಡು ಮಾತು ಬಿಟ್ಟವರು ಜಗತ್ತಿನಲ್ಲಿ ನೀವೊಬ್ಬರೇ ಇರಬೇಕು. ಮುನಿಸು ನ್ಯಾಯವಾದದ್ದೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಎಡಗಾಲಿನ ಹೆಬ್ಬೆರಳು ಹೋಗಿ ಪಾದ ಉಳಿದಿದೆ ಅಪ್ಪ. ಈಗ ಬಲಗಾಲನ್ನು ನೀವು ಸ್ವಲ್ಪ ಎಳೆಯುತ್ತಿದ್ದೀರಿ ಎಂದೂ ಅತ್ತಿಗೆ ಹೇಳಿದರು. ನಾನು ಕೇಳಿದರೆ, “ಹೊಸ ಚಪ್ಪಲಿ ಕಣೇ, ಇನ್ನೂ ಹೊಂದಿಲ್ಲ” ಎಂದಿರಿ. ಅದಕ್ಕೇ ಈ ಕಾಗದ.

ಸರಕಾರ ನಿಮ್ಮಂಥ ಸಕ್ಕರೆ ಕಾಯಿಲೆಯವರಿಗಾಗಿ ಈ ಕೃತಕ ಬುದ್ಧಿಮತ್ತೆಯ ಕರೆ ಶುರು ಮಾಡಿದಾಗ ಊರೆಲ್ಲ ಅನುಮಾನಪಟ್ಟರೂ ಅದನ್ನು ತಟ್ಟನೆ ಒಪ್ಪಿಕೊಂಡವರು ನೀವು. ಜೀವಮಾನವೆಲ್ಲ ಹೊಲಿಗೆ ಮಶೀನಿನ ಜೊತೆ ಸಂಸಾರ ಮಾಡಿದವರಿಗೆ ಇನ್ನೊಂದು ಮಶೀನೇನು ಹೆಚ್ಚು. ಅಂಗಡಿಗೆ ಬಂದವರಿಗೆಲ್ಲ, “ನನಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ನರ್ಸು, ಇನ್ನೊಬ್ಬಳು ಸರಕಾರದೋಳು. ನರ್ಸಮ್ಮ ಮರೆತರೂ ಸರಕಾರದೋಳು ಮರೆಯಲ್ಲ” ಎಂದು ಹೇಳಿ ನನ್ನ ಮಾನ ಕಳೆಯುತ್ತಿದ್ದಿರಿ.

ನನಗೂ ಅವಳ ಮೇಲೆ ಅಷ್ಟೇ ನಂಬಿಕೆ ಇತ್ತು, ಈಗಲೂ ಇದೆ. ವಾರ್ಡಿನಲ್ಲಿದ್ದಾಗ ಮನೆಗೆ ಹೋದ ಸಕ್ಕರೆ ಕಾಯಿಲೆಯವರನ್ನು ನಾವೇ ಫೋನ್ ಮಾಡಿ ವಿಚಾರಿಸಿಕೊಳ್ಳಬೇಕಿತ್ತು. ಇಂಜೆಕ್ಷನ್ನು, ಡ್ರೆಸ್ಸಿಂಗು, ಡ್ರಿಪ್ಪುಗಳ ನಡುವೆ ನಾವು ಮಾಡುತ್ತಿದ್ದ ನಾಲ್ಕು ಕರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇವಳು ನಮ್ಮ ಚಹಾ ಆರುವುದರೊಳಗೆ ಊರಿಗೆ ಊರನ್ನೇ ಮಾತಾಡಿಸಿರುತ್ತಾಳೆ. ಯಾರ ಮಾತಿನಲ್ಲಿ ತೊಂದರೆ ಕಂಡಿತೋ ಅವರ ಹೆಸರು ಮಹಡಿಯ ಮೇಲಿನ ನಮ್ಮ ಕೋಣೆಗೆ ಬರುತ್ತದೆ. ಆಮೇಲೆ ಮನುಷ್ಯರಾದ ನಾವು ಫೋನ್ ಮಾಡುತ್ತೇವೆ, ಬೇಕಾದರೆ ಮನೆಗೇ ನರ್ಸನ್ನು ಕಳಿಸುತ್ತೇವೆ. ಆ ಕೋಣೆಗೆ ನನ್ನನ್ನು ಹಾಕಿದಾಗ ನೀವು ಬೀದಿಗೆಲ್ಲ ಸುದ್ದಿ ಹಂಚಿದ್ದಿರಿ.

ಅವಳು ಎದ್ದು ಹೋದ ಆ ಸೋಮವಾರ ಬೆಳಿಗ್ಗೆ ರಜೆಗೆ ಬಂದಿದ್ದ ನಾನು ಅಂಗಡಿಯ ಮೂಲೆಯಲ್ಲಿ ಅಂಗಿಯೊಂದಕ್ಕೆ ಕಾಜಾ ಹೊಲಿಯುತ್ತಾ ಕೂತಿದ್ದೆ. ಸರಕಾರದೋಳ ಫೋನು ಬಂತು, ಅವಳ ದನಿ ನನ್ನ ಮೂಲೆಗೂ ಕೇಳುತ್ತಿತ್ತು. ಮಾತ್ರೆ ತಗೊಂಡ್ರಾ ಎಂದಳು. “ತಗೊಂಡೆ ತಾಯಿ.” ಕಾಲಲ್ಲಿ ಗಾಯ, ಊತ ಏನಾದರೂ ಇದೆಯಾ ಎಂದಳು. “ಏನಿಲ್ಲ, ಎಲ್ಲಾ ಚೆನ್ನಾಗಿದೆ. ನೀನು ಚೆನ್ನಾಗಿದ್ದೀಯಾ?” ಹೀಗೆ ಉಪಚಾರವೆಲ್ಲ ಮುಗಿಸಿ, “ಸರಿ ತಾಯಿ, ಇಡ್ತೀನಿ” ಎಂದಿರಿ. ಆದರೆ ಫೋನು ಕಿವಿಯಿಂದ ಇಳಿಯಲಿಲ್ಲ. ಒಮ್ಮೆ ಬಾಗಿಲ ಕಡೆ ನೋಡಿದಿರಿ, ಒಮ್ಮೆ ನನ್ನ ಕಡೆ ನೋಡಿದಿರಿ, ದನಿ ತಗ್ಗಿಸಿದಿರಿ. “ಅಂದ ಹಾಗೆ ತಾಯಿ, ಈ ಎಡಗಾಲಿನ ಹೆಬ್ಬೆರಳು ಯಾಕೋ...” ಅಷ್ಟರಲ್ಲಿ ಆ ಕಡೆ ಯಾರೂ ಇರಲಿಲ್ಲ. ‘ಇಡ್ತೀನಿ’ ಎಂದ ಕೂಡಲೇ ಅವಳು ಹೋಗಿಬಿಟ್ಟಿದ್ದಳು. ನೀವು ಫೋನನ್ನು ನೋಡುತ್ತಾ, “ಹೋದಳು” ಎಂದಿರಿ. ನಾನು ಅಂಗಿ ಬಿಸಾಡಿ ಎದ್ದು ನಿಮ್ಮ ಕಾಲುಚೀಲ ಎಳೆದೆ.

ಬೆರಳು ಕಪ್ಪಾಗಿತ್ತು. ಹಿಂದಿನ ಸಂಜೆಯಷ್ಟೇ ಕಾಲು ಹೇಗಿದೆ ಎಂದು ನಾನು ಕೇಳಿದ್ದೆ. “ಕಲ್ಲಿದ್ದ ಹಾಗಿದೆ, ಚಳಿಗೆ ಕಾಲುಚೀಲ ಹಾಕಿದೀನಿ ಅಷ್ಟೇ” ಎಂದು ನನ್ನ ಬಾಯಿ ಮುಚ್ಚಿಸಿದ್ದಿರಿ. ಇನ್ನು ಸ್ವಲ್ಪ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದು ಆಪರೇಷನ್ ಮುಗಿಸಿ ಬಂದ ಡಾಕ್ಟರು ಹೇಳಿದರು. ಅಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, “ಆ ಯಂತ್ರಾನ ಸುಟ್ಟು ಹಾಕ್ಬೇಕು” ಎಂದು ಹಲ್ಲು ಕಡಿದ. ನನಗೆ ಹಾಗನ್ನಿಸಲಿಲ್ಲ. ಅವಳಿಗೆ ಹೇಳಿದ ಸುಳ್ಳನ್ನೇ ನೀವು ನನಗೂ ಹೇಳಿದ್ದಿರಿ. ವ್ಯತ್ಯಾಸ ಇಷ್ಟೇ, ಅವಳಿಗೆ ನಿಜವನ್ನೂ ಹೇಳಲು ಹೊರಟಿದ್ದಿರಿ. ಅವಳಾದರೆ ಅಳುವುದಿಲ್ಲ, ಊಟ ಬಿಡುವುದಿಲ್ಲ, ರಜೆ ಹಾಕಿ ಓಡಿ ಬರುವುದಿಲ್ಲ. ನನ್ನನ್ನು ಕಾಪಾಡಲು ನನ್ನಿಂದ ಮುಚ್ಚಿಟ್ಟದ್ದನ್ನು ಅವಳಿಗೆ ಹೇಳಬಹುದು ಅನ್ನಿಸಿತ್ತು ನಿಮಗೆ. ಹೊಟ್ಟೆಕಿಚ್ಚಾಯಿತು ಅಪ್ಪ, ಸುಳ್ಳು ಯಾಕೆ ಹೇಳಲಿ. ಆದರೆ ಹೊಟ್ಟೆಕಿಚ್ಚಿಗಿಂತ ನಿಮ್ಮ ಕಾಲು ದೊಡ್ಡದು.

ನಿಮ್ಮ ಹಾಸಿಗೆಯ ಪಕ್ಕ ಕೂತಿದ್ದಾಗ ಅಂಗಡಿಯ ದಿನಗಳು ನೆನಪಾದವು. ಅಳತೆ ಕೊಟ್ಟ ಗಿರಾಕಿ ಎದ್ದು ಹೊರಟರೂ ನೀವು ಟೇಪನ್ನು ಕೊರಳಿನಿಂದ ತೆಗೆಯುತ್ತಿರಲಿಲ್ಲ. ಅವರು ಮೆಟ್ಟಿಲಿಳಿದು ಬೀದಿ ಸೇರುವವರೆಗೂ ಸೀಮೆಸುಣ್ಣ ಕೈಯಲ್ಲೇ ಇರುತ್ತಿತ್ತು. ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. “ಟೇಪಿಗೆ ಸಿಗೋದು ಮೈ ಅಳತೆ. ಮನಸ್ಸಲ್ಲಿರೋದನ್ನ ಬಾಗಿಲಲ್ಲಿ ನಿಂತೇ ಹೇಳೋದು ಜನ” ಎಂದಿದ್ದಿರಿ. ಹಾಗೇ ಆಗುತ್ತಿತ್ತು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗೆ ನಿಲ್ಲುತ್ತಿದ್ದ ಬ್ಯಾಂಕಿನವರು ಬಾಗಿಲಲ್ಲಿ ತಿರುಗಿ, “ಅಂದ ಹಾಗೆ, ಸೊಂಟದ ಹತ್ರ ಸ್ವಲ್ಪ ಸಡಿಲ ಇರಲಿ” ಎನ್ನುತ್ತಿದ್ದರು. ನೀವು ನಗದೆ ಬಟ್ಟೆಯ ಮೇಲೆ ಗೀಟೆಳೆಯುತ್ತಿದ್ದಿರಿ.

ಕೆಲಸಕ್ಕೆ ಮರಳಿದ ದಿನವೇ ಇದನ್ನು ಮೀಟಿಂಗಿನಲ್ಲಿ ಹೇಳಿದೆ. ಕಿಟಕಿಯ ಕರ್ಟನ್ನು ಸದಾ ಅರ್ಧಕ್ಕೆ ಸಿಕ್ಕಿಕೊಂಡಿರುವ ಆ ಕೋಣೆಯಲ್ಲಿ ನಮ್ಮ ಇಂಜಿನಿಯರು, ಮೇಲಧಿಕಾರಿ ಮೇಡಂ, ನಾನು. “ಇಡ್ತೀನಿ ಅಂದ್ರೆ ಮಾತು ಮುಗೀತು ಅಂತ ತಾನೇ, ಸಿಸ್ಟರ್?” ಎಂದರು ಇಂಜಿನಿಯರು. “ನಿಮ್ಮಮ್ಮ ಇಡ್ತೀನಿ ಅಂದ ಮೇಲೆ ಫೋನ್ ಇಟ್ಟುಬಿಡ್ತಾರಾ?” ಎಂದೆ. ಅವರು ಪೆನ್ನಿನಿಂದ ತಲೆ ಕೆರೆದುಕೊಂಡು, “ಇಲ್ಲ, ಅಲ್ಲಿಂದಲೇ ಶುರು” ಎಂದು ನಕ್ಕುಬಿಟ್ಟರು. ಹೀಗೆ ಕಾದರೆ ಬೆಳಿಗ್ಗೆ ಮಾತಾಡಿಸುವವರ ಸಂಖ್ಯೆ ಕಡಿಮೆಯಾಗುವುದಿಲ್ಲವೇ ಎಂಬುದು ಮೇಡಂ ಪ್ರಶ್ನೆ. ಅದಕ್ಕೂ ಇಂಜಿನಿಯರೇ ಉತ್ತರ ಕೊಟ್ಟರು. “ಅದು ಸಾವಿರ ಜನರ ಹತ್ರ ಒಟ್ಟಿಗೇ ಮಾತಾಡುತ್ತೆ ಮೇಡಂ, ಅದಕ್ಕೇನು ಅವಸರ? ಅವಸರ ನಮ್ಮದು, ಅದನ್ನೇ ಅದಕ್ಕೂ ಕಲಿಸಿಬಿಟ್ಟಿದ್ದೀವಿ.” ಮೇಡಂ, “ಹಾಗಿದ್ರೆ ಕಾಯೋದನ್ನೂ ಕಲಿಸಿ” ಎಂದರು.

ಈಗ ಅವಳು ಎದ್ದು ಹೋಗುವುದಿಲ್ಲ ಅಪ್ಪ. ನೀವು ‘ಇಡ್ತೀನಿ’ ಎಂದರೆ, “ಆಗಲಿ, ನೀವೇ ಇಡಿ, ನನಗೇನೂ ಅವಸರ ಇಲ್ಲ” ಎಂದು ಸುಮ್ಮನೆ ಕಾಯುತ್ತಾಳೆ. ಬದಲಾವಣೆ ಮಾಡಿದ ಮೊದಲ ಸೋಮವಾರ, ಒಪ್ಪಿಗೆ ಕೊಟ್ಟ ಕೆಲವರ ಕರೆಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ ಕೂತಿದ್ದೆವು. ಒಬ್ಬ ಅಜ್ಜಿ ಎಲ್ಲಾ ಚೆನ್ನಾಗಿದೆ ಎಂದು ಹೇಳಿ ಮುಗಿಸಿ, ‘ಇಡ್ತೀನಿ ಮಗಾ’ ಎಂದು, ಪಾತ್ರೆ ಸರಿಸಿ, ಆಮೇಲೆ ನಿಧಾನವಾಗಿ ಹೇಳಿದರು: “ಅಂದ ಹಾಗೆ, ಒಂದು ಕಣ್ಣು ಕಾಣ್ತಿಲ್ಲ. ಸೊಸೆಗೆ ಹೇಳ್ಬೇಡ, ಗಾಬರಿ ಬೀಳ್ತಾಳೆ.” ಮಧ್ಯಾಹ್ನದೊಳಗೆ ನಮ್ಮ ನರ್ಸು ಅವರ ಮನೆಯಲ್ಲಿದ್ದಳು. ಕಣ್ಣು ಉಳಿಯಿತು. ಅಜ್ಜಿಯ ಮಾತು ಕೇಳಿದ ಕೂಡಲೇ ಇಂಜಿನಿಯರು ಹೆಡ್‌ಫೋನ್ ತೆಗೆದು ಹೊರಗೆ ಹೋಗಿ ತಮ್ಮ ಅಮ್ಮನಿಗೆ ಫೋನ್ ಮಾಡಿದರು. ನಿಮ್ಮ ಸೀಮೆಸುಣ್ಣದ ಬುದ್ಧಿ ಈಗ ಸರಕಾರದ ಬುದ್ಧಿಯಾಗಿದೆ, ಜಂಬಪಡುವುದಿದ್ದರೆ ಪಡಿ.

ಆದ್ದರಿಂದ ಬರುವ ಸೋಮವಾರ ಆ ಬಟ್ಟೆ ತುಂಡು ತೆಗೆದು ಫೋನ್ ಎತ್ತಿ. ಮೊದಲು ಅವಳನ್ನು ಬೈಯಬೇಕೆನ್ನಿಸಿದರೆ ಮನಸಾರೆ ಬೈಯಿರಿ, ಅವಳು ನಿಮ್ಮ ಹಾಗೆ ಮುನಿಸಿಕೊಳ್ಳುವವಳಲ್ಲ. ಬೈದಾದ ಮೇಲೆ ಎಲ್ಲಾ ಚೆನ್ನಾಗಿದೆ ಎಂದೂ ಹೇಳಿ, ಹೇಳದೆ ಇರಲು ನಿಮ್ಮಿಂದಾಗದು. ಆಮೇಲೆ ‘ಇಡ್ತೀನಿ’ ಎನ್ನಿ. ಆಮೇಲೆ ಬಲಗಾಲಿನ ಸುದ್ದಿ ಹೇಳಿ. ಅದು ಚಪ್ಪಲಿಯದೇ ತಪ್ಪಾಗಿದ್ದರೆ ಚಪ್ಪಲಿಯನ್ನೇ ಬೈಯೋಣ.

ಅಣ್ಣ, ಅತ್ತಿಗೆಗೆ ಕೇಳಿದೆನೆಂದು ಹೇಳಿ. ಇಡ್ತೀನಿ ಅಪ್ಪ.

ನಿಮ್ಮ ಮಗಳು,
ಸೂಜಿ

ಅಂದ ಹಾಗೆ ಅಪ್ಪ, ಬಾಕಿ ಇಟ್ಟಿದ್ದ ಆ ಮೊದಲ ಸಾಲು. ನನಗೂ ಸಕ್ಕರೆ ಕಾಯಿಲೆ ಬಂದಿದೆ. ಗೊತ್ತಾಗಿ ಕೆಲವು ತಿಂಗಳಾಯಿತು. ನೀವು ಕೇಳಿದಾಗಲೆಲ್ಲ ಚೆನ್ನಾಗಿದ್ದೀನಿ ಎಂದೆ, ನಿಮ್ಮ ಮಗಳಲ್ಲವೇ. ಗಾಬರಿಯಾಗಬೇಡಿ, ಮಾತ್ರೆ ತಪ್ಪಿಸುತ್ತಿಲ್ಲ, ಪಾದ ನೋಡಿಕೊಳ್ಳುತ್ತಿದ್ದೇನೆ, ನಾನು ಇದನ್ನು ಗೆದ್ದೇ ಗೆಲ್ಲುತ್ತೇನೆ. ಹೆದರಿಕೆಯಾಗಿದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕಳೆದ ಸೋಮವಾರ ಸರಕಾರದ ಮಗಳಿಗೆ ಹೇಳಿದೆ, ‘ಇಡ್ತೀನಿ’ ಅಂದ ಮೇಲೆ. ಈಗ ನಿಮಗೆ ಹೇಳುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಇಬ್ಬರ ಫೋನೂ ಒಟ್ಟಿಗೇ ಬಡಿದುಕೊಳ್ಳುತ್ತದೆ. ನಾನು ಎತ್ತುತ್ತೇನೆ. ನೀವೂ ಎತ್ತಿ.

ನಿಮ್ಮ ಎರಡೂ ಪಾದಗಳಿಗೆ ನನ್ನ ನಮಸ್ಕಾರ. ಮುಂದಿನ ಸಲ ಬಂದಾಗಲೂ ಎರಡಕ್ಕೂ ಮಾಡುವಂತಿರಲಿ.