ಅಜ್ಜಿ ತಪ್ಪಾಗಿ ಹೇಳುತ್ತಿದ್ದ ಜಪ

ಮನೆಯಿಂದ,
ಮಾರ್ಚ್ ೯, ಭಾನುವಾರ, ಚರ್ಚಿನಿಂದ ಬಂದ ಕೂಡಲೇ

ಪ್ರೀತಿಯ ಬುಗುರೀ,

ಹೇಗಿದ್ದೀಯಮ್ಮ? ಸೊಂಟನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಮಗು ಮಲಗಿದ ಮೇಲೆ ನೋಡೋಣ ಅಂತ ಆರಿದ ಅನ್ನ ತಿನ್ನುತ್ತಿದ್ದೀಯೋ? ಮಗು ಹಗಲೆಲ್ಲ ಮಲಗಿ ರಾತ್ರಿ ಕಣ್ಣು ಬಿಡುವ ಪೈಕಿಯಾದರೆ ಅದು ನಿನ್ನನ್ನೇ ಹೋತಿದೆ ಅಂತ ತಿಳಿ, ಬೇರೆ ಯಾರನ್ನೂ ದೂರಬೇಡ. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ಮಂಡಿ ಮಾತಾಡುತ್ತದೆ, ಕಿವಿ ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಇಬ್ಬರಿಗೂ ಜಗಳವಿಲ್ಲ. ನಿನ್ನ ಅಜ್ಜಿ ಇಲ್ಲದ ಅಡುಗೆಮನೆಯಲ್ಲಿ ಡಬ್ಬಗಳು ಎಲ್ಲೆಲ್ಲಿವೆ ಅಂತ ಈಗೀಗ ಗೊತ್ತಾಗುತ್ತಿದೆ. ನಿನ್ನೆ ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿದೆ. ನಿನ್ನಪ್ಪನಿಗೂ ಅದನ್ನೇ ಕೊಟ್ಟೆ. ಅವನು ಕೊನೇ ಗುಟುಕಿನವರೆಗೂ ಕುಡಿದು ಲೋಟ ತೊಳೆದಿಟ್ಟ. ಈಚೆಗೆ ಅವನು ಹಾಗಿದ್ದಾನೆ.

ಅಜ್ಜಿ ತೀರಿಕೊಂಡಳು, ಮಾರ್ಚ್ ೧೬ರ ಭಾನುವಾರ ಚರ್ಚಿನಲ್ಲಿ ಅವಳ ತಿಂಗಳ ಪೂಜೆ, ಬಾ ಅಂತ ನಿನ್ನ ಗೆಳತಿಯಿಂದ ವಿಳಾಸ ಇಸಿದುಕೊಂಡು ಒಂದು ಕಾರ್ಡು ಹಾಕಿದ್ದೆನಲ್ಲ, ಅದಕ್ಕೆ ನೀನು ಬರೆದ ಉತ್ತರ ನಿನ್ನೆ ಕೈಸೇರಿತು. ‘ಮಗು ಹುಟ್ಟಿದ ಸುದ್ದಿ ಹೇಳೋಕೆ ಫೋನ್ ಮಾಡಿದ್ರೆ ಅಜ್ಜಿ ನನ್ನ ಪಾಪಿ ಅಂದಳು. ಅವಳ ಪೂಜೆಗೆ ಪಾಪಿ ಬರೋದು ಬೇಡ’ ಅಂತ ಬರೆದಿದ್ದೀಯ. ಓದಿ ಕಾರ್ಡನ್ನು ಮಗುಚಿ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ ನಗು ಬಂತು. ನಗು ಅಂದೆನೆಂದು ಮುನಿಸಿಕೊಳ್ಳಬೇಡ. ಬುಗುರೀ, ನಿನ್ನ ಅಜ್ಜಿ ಪಾಪಿ ಅನ್ನಲೇ ಇಲ್ಲ. ಆ ಮಾತು ಅವಳ ನಾಲಿಗೆಗೆ ಜನ್ಮದಲ್ಲಿ ಒಗ್ಗಿದ್ದಲ್ಲ. ಹೇಗೆ ಅಂತ ಹೇಳುತ್ತೇನೆ, ಸಾವಧಾನವಾಗಿ ಓದು. ಬುಡದಿಂದ ಶುರುಮಾಡದಿದ್ದರೆ ನನಗೆ ಹೇಳಿದ ಹಾಗೆ ಆಗುವುದಿಲ್ಲ ಅಂತ ನಿನಗೆ ಗೊತ್ತೇ ಇದೆ.

ಅವಳನ್ನು ನಾನು ಮೊದಲು ನೋಡಿದ್ದೇ ಚರ್ಚಿನೊಳಗೆ. ಆಗ ನಾನು ಬೆಂಚುಗಳ ರಿಪೇರಿಗೆ ಬಂದಿದ್ದ ಎಳೇ ಬಡಗಿ. ಉಳಿ, ಸುತ್ತಿಗೆ ಹರಡಿಕೊಂಡು ಕೂತಿದ್ದೆ. ತಲೆಯ ಮೇಲೆ ಸೆರಗು ಹೊದ್ದ ಹುಡುಗಿಯೊಬ್ಬಳು ಬಂದು, "ಈ ಬೆಂಚು ನನ್ನ ಪ್ರಾರ್ಥನೆಗೆ ಎದುರುತ್ತರ ಕೊಡುತ್ತೆ. ಮಂಡಿಯೂರಿದ್ರೆ ಕಿರ್ ಅನ್ನುತ್ತೆ, ಎದ್ರೆ ಕುಂಯ್ ಅನ್ನುತ್ತೆ. ಸ್ವಲ್ಪ ಬುದ್ಧಿ ಹೇಳಿ" ಅಂದಳು. ಅದು ಒಂದು ಮೊಳೆಯ ಕೆಲಸ. ನಾನು ಒಂದು ವಾರ ಎಳೆದೆ. ಮದುವೆಯಾದ ಮೇಲೆ ಅವಳದು ಮೊದಲನೇ ಬೆಂಚು, ನನ್ನದು ಕೊನೇ ಬೆಂಚು. ನಿಮ್ಮ ಯಜಮಾನರು ಯಾಕೆ ಅಷ್ಟು ಹಿಂದೆ ಅಂತ ಯಾರಾದರೂ ಕೇಳಿದರೆ, "ಯಾವ ಬೆಂಚು ಅಲ್ಲಾಡುತ್ತೆ ಅಂತ ಹಿಂದಿನಿಂದ ನೋಡ್ಕೋತಾರೆ" ಎಂದು ನನ್ನ ಮಾನ ಉಳಿಸುತ್ತಿದ್ದಳು.

ಅವಳಿಗೆ ಓದು ಬರುತ್ತಿರಲಿಲ್ಲ. ಜಪವನ್ನೆಲ್ಲ ತನ್ನ ತಾಯಿ ಬಟ್ಟೆ ಒಗೆಯುತ್ತ ಹೇಳುವಾಗ ಪಕ್ಕದಲ್ಲಿ ಕೂತು ಕಿವಿಯಿಂದ ಕಲಿತವಳು. ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದಿಗೆ ಒಂದು ಅಕ್ಷರ ಜಾರಿಬಿಟ್ಟಿತ್ತು. ಎಲ್ಲರೂ ಮಾತೆ ಮರಿಯಮ್ಮನಿಗೆ ‘ಪಾಪಿಗಳಾದ ನಮಗಾಗಿ’ ಪ್ರಾರ್ಥಿಸು ಅಂತ ಕೇಳಿಕೊಂಡರೆ, ನಿನ್ನ ಅಜ್ಜಿ ‘ಪಾಪುಗಳಾದ ನಮಗಾಗಿ’ ಅನ್ನುತ್ತಿದ್ದಳು. ನಿನಗೆ ಇದು ತಿಳಿದಿರಲಾರದು. ನೀನು ಹುಟ್ಟುವ ಹೊತ್ತಿಗೆ ಆ ಜಾಗ ಬಂದಾಗ ದನಿ ಇಳಿಸಿ ಗೊಣಗುವುದನ್ನು ರೂಢಿ ಮಾಡಿಕೊಂಡಿದ್ದಳು. ಅದಕ್ಕೂ ಕಾರಣವಿದೆ. ಹೊಸದಾಗಿ ಬಂದ ಫಾದರ್ ಒಬ್ಬರು ಅವಳ ಜಪ ಕಿವಿಗೆ ಬಿದ್ದು, "ಅಮ್ಮಾ, ಪಾಪುಗಳಲ್ಲ, ಪಾಪಿಗಳು" ಅಂತ ತಿದ್ದಿದರು. ಇವಳಿಗೆ ಭೂಮಿ ಬಾಯಿಬಿಟ್ಟಂತಾಯಿತು. ಇಷ್ಟು ವರ್ಷ ಮಾತೆಗೆ ತಪ್ಪು ಅರ್ಜಿ ಹಾಕಿದೆನಲ್ಲ ಅಂತ ಮಾರನೇ ದಿನವೇ ಪಾಪನಿವೇದನೆಗೆ ಹೋಗಿ ಅದನ್ನು ಒಪ್ಪಿಕೊಂಡಳು. ಫಾದರ್ ಪ್ರಾಯಶ್ಚಿತ್ತವಾಗಿ ಅದೇ ಜಪವನ್ನು ಮೂರು ಸಲ ಹೇಳಿಕೊಳ್ಳಿ ಅಂದರು. ಮೂರೂ ಸಲ ಪಾಪು ಅಂತಲೇ ಬಂತು. ಮತ್ತೆ ಸಾಲಿನ ತುದಿಗೆ ಹೋಗಿ ನಿಂತಳು. ಮತ್ತೆ ಅದೇ ಪ್ರಾಯಶ್ಚಿತ್ತ, ಮತ್ತೆ ಅದೇ ಪಾಪು, ಮತ್ತೆ ಸಾಲು. ಹಿಂದೆ ನಿಂತಿದ್ದ ಹೆಂಗಸರು, "ಈಯಮ್ಮ ಅಂಥಾದ್ದು ಏನ್ ಮಾಡ್ಬಿಟ್ಟಿದಾರೇ?" ಅಂತ ಪಿಸುಗುಟ್ಟುವ ಹಾಗಾಯಿತಂತೆ. ಕೊನೆಗೆ ಫಾದರೇ ಸೋತು, "ಹಾಗೇ ಹೇಳ್ಕೊಳ್ಳಿ ತಾಯೀ. ಮಾತೆಯೂ ಪಾಪು ಆಡ್ಸಿದವರೇ. ನನಗೂ ಊಟದ ಹೊತ್ತಾಯ್ತು" ಅಂದರಂತೆ. ಮನೆಗೆ ಬಂದು ನನ್ನ ಮುಂದೆ ಹೇಳಿಕೊಂಡು ಅತ್ತಳು. ನಾನು ನಕ್ಕಿದ್ದಕ್ಕೆ ಆ ದಿನ ನನಗೆ ಊಟ ತಡವಾಯಿತು.

ಅವಳು ಆ ಅಕ್ಷರ ಬಿಡದಿದ್ದುದಕ್ಕೆ ನಾಲಿಗೆ ಒಂದೇ ಕಾರಣವಲ್ಲ ಅಂತ ನನ್ನ ಅಂದಾಜು. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ದುಡಿದವಳು ಅವಳು. ಹುಟ್ಟಿದ ಕೂಸನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ತಾಯಿಯ ಮಗ್ಗುಲಿಗೆ ಮಲಗಿಸುವ ಮೊದಲು ಅದರ ಕಿವಿಯಲ್ಲಿ ತನ್ನ ತಪ್ಪು ಜಪ ಹೇಳುತ್ತಿದ್ದಳು. ಯಾರ ಮನೆಯದು, ಯಾವ ದೇವರದು ಅಂತ ನೋಡಿದವಳಲ್ಲ. ಗಂಡ ಜೊತೆಗಿಲ್ಲದ ಹುಡುಗಿಯರೂ ಬರುತ್ತಿದ್ದರು. ಚೀಟಿ ಬರೆಯುವವರು ಗಂಡನ ಹೆಸರು ಕೇಳಿ ಮೂಗು ಮುರಿಯುವಾಗ ಇವಳು ನಡುವೆ ನುಗ್ಗಿ, "ಹೆಸರು ಎಲ್ಲೂ ಓಡಿಹೋಗಲ್ಲ. ಮೊದಲು ಬಿಸಿನೀರು ಕೊಡ್ರಿ" ಅನ್ನುತ್ತಿದ್ದಳು. ಅಂಥ ಹುಡುಗಿಯರ ಬಟ್ಟೆಯನ್ನು ಮನೆಗೆ ತಂದು ಒಗೆದು, ಇಸ್ತ್ರಿ ಮಾಡಿ ಒಯ್ದು ಕೊಟ್ಟಿದ್ದಾಳೆ. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ನನ್ನ ಅಂಗಿಯನ್ನು ಅಷ್ಟಾಗಿ ಕಂಡಿಲ್ಲ.

ಹಾಗಾದರೆ, ಮದುವೆಯಿಲ್ಲದೆ ಬಸುರಾದಳು ಅಂತ ಅಪ್ಪ ನನ್ನ ಮೇಲೆ ಕೂಗಾಡಿದ ದಿನ ಅಜ್ಜಿ ಯಾಕೆ ಬಾಯಿ ಬಿಡಲಿಲ್ಲ ಅಂತ ನೀನು ಕೇಳುತ್ತೀಯ. ನ್ಯಾಯವಾದ ಮಾತೇ. ಅವಳು ಒಲೆಯ ಮುಂದೆ ಕಲ್ಲಿನ ಹಾಗೆ ನಿಂತಿದ್ದಳು. ಬೇರೆಯವರ ಮಕ್ಕಳಿಗಾಗಿ ಇಡೀ ವಾರ್ಡಿನ ಜೊತೆ ಜಗಳ ಆಡುತ್ತಿದ್ದವಳಿಗೆ ತನ್ನ ಮನೆಯಲ್ಲಿ ದನಿ ಏಳಲಿಲ್ಲ. ಎದ್ದಿತು, ಆದರೆ ನೀನು ಚೀಲ ಹಿಡಿದು ಮೆಟ್ಟಿಲಿಳಿದ ಮೇಲೆ. ಅವತ್ತಿನಿಂದ ನಿನ್ನಪ್ಪನ ಜೊತೆ ನೇರವಾಗಿ ಮಾತಾಡಲಿಲ್ಲ. ಅವನು ಎದುರಿಗೇ ಕೂತಿದ್ದರೂ, "ನಿಮ್ಮ ಮಗನಿಗೆ ಹೇಳಿ, ಊಟ ಆರ್ತಾ ಇದೆ" ಅಂತ ನನಗೆ ಹೇಳುವಳು. ಅವನು, "ನಿಮ್ಮ ಹೆಂಡ್ತಿಗೆ ಹೇಳಿ, ಬಂದೆ ಅಂತ" ಅನ್ನುವನು. ನಾನು ಇಬ್ಬರ ನಡುವೆ ಅಂಚೆಯವನಾದೆ. ನಿನಗೂ ಬೈಗುಳ ತಪ್ಪಲಿಲ್ಲ ಅನ್ನು: "ಹೋಗೋಳು ನನ್ನ ಕಡೆ ಒಂದ್ಸಲ ತಿರುಗಿ ನೋಡಬಾರದಾಗಿತ್ತಾ, ಕತ್ತೆ!" ಎಂದು ಪಾತ್ರೆ ತೊಳೆಯುವಾಗ ಪಾತ್ರೆಗೆ ಹೇಳುತ್ತಿದ್ದಳು.

ಈಗ ಫೋನಿನ ವಿಷಯ. ನೀನು ಫೋನ್ ಮಾಡಿದಾಗ ಅವಳು ಆಸ್ಪತ್ರೆಯಲ್ಲಿದ್ದಳು. ಲಕ್ವ ಹೊಡೆದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ನಿನಗೆ ಅದು ಗೊತ್ತಿರಲಿಲ್ಲ. ನೀನು, "ತಾತ, ಹೆರಿಗೆ ಆಯ್ತು, ಅಜ್ಜಿಗೆ ಕೊಡಿ" ಅಂದೆ. ಸಂತೋಷದಲ್ಲಿ ನಾನು ಬೇರೇನೂ ಹೇಳದೆ ಫೋನನ್ನು ಅವಳ ಕಿವಿಗಿಟ್ಟೆ. ಈಗ ಒಂದು ಕೆಲಸ ಮಾಡು. ‘ಪಾಪು’ ಅಂತ ಅಂದು ನೋಡು. ಕೊನೆಯಲ್ಲಿ ತುಟಿ ಗುಂಡಗಾಗಿ ಮುಂದೆ ಬರುತ್ತದಲ್ಲ? ಈಗ ತುಟಿಯನ್ನು ಗುಂಡಗೆ ಮಾಡದೆ ಅದನ್ನೇ ಹೇಳು. ಏನು ಬಂತು? ಅವಳಿಗೂ ಅಷ್ಟೇ ಬಂತು. ಆ ವಾರವೆಲ್ಲ ಅವಳು ನೀರು ಬೇಕಾದರೆ ‘ನೀರಿ’ ಅನ್ನುತ್ತಿದ್ದಳು, ಹಾಲು ಬೇಕಾದರೆ ‘ಹಾಲಿ’. ನನ್ನನ್ನು ಮುದುಕಪ್ಪ ಅಂತ ಕರೆಯುವುದು ಅವಳ ಹಳೇ ತಮಾಷೆ. ಆ ವಾರ ನಾನು ಮಿದಿಕಪ್ಪನಾಗಿದ್ದೆ. ನೀನು ಮೊದಲನೇ ಮಾತು ಕೇಳಿ ಫೋನ್ ಇಟ್ಟುಬಿಟ್ಟೆ. ಲೈನು ಹೋಯಿತೆಂದುಕೊಂಡು ನಾನು ಮತ್ತೆ ಮತ್ತೆ ಮಾಡಿದೆ, ನಿನ್ನ ಫೋನು ಆಫ್ ಆಗಿತ್ತು. ಅವಳು ಮಾತ್ರ ನಿಲ್ಲಿಸಿರಲಿಲ್ಲ. ಅವಳ ಮಾತು ಪೂರ್ತಿ ಇದ್ದದ್ದು ಹೀಗೆ: "ಪಾಪಿ... ಪಾಪಿನ ಎತ್ಕಂಡ್ ಬಾ. ಬೇಗ ಬಾ." ಮಂಚದ ಅಂಚಿನಲ್ಲಿ ಕೂತು ಕೇಳಿಸಿಕೊಂಡವನು ನಾನು. ನನ್ನ ಕಿವಿ ಮಂದ ನಿಜ, ಆದರೆ ಅವಳ ಬಾಯಿ ನನ್ನ ಕಿವಿಗೆ ಎಷ್ಟು ವರ್ಷದ ಪರಿಚಯ!

ಇದರ ಮೇಲೆ ನಾನು ಬೇಡಿಕೊಳ್ಳುವುದಿಲ್ಲ. ಕರೆದವಳು ಅವಳು, ನಾನು ಮಾತು ತಲುಪಿಸಿದ್ದೇನೆ, ಅಷ್ಟೇ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಪೂಜೆ. ಶನಿವಾರವೇ ಬಂದರೆ ಮಗುವಿಗೆ ದಣಿವಾಗುವುದಿಲ್ಲ. ತೊಟ್ಟಿಲು ಮಾಡಿಟ್ಟಿದ್ದೇನೆ ಅಂತ ಬರೆಯಲು ಆಸೆಯೇನೋ ಇದೆ, ಮಾಡಿಲ್ಲ, ಕೈ ನಡುಗುತ್ತದೆ. ನಿನ್ನ ಹಳೇ ಮಂಚವನ್ನು ಗೋಡೆಗೆ ಒತ್ತಿ ಹಾಕಿದ್ದೇನೆ, ಮಗು ಉರುಳದ ಹಾಗೆ.

ದೇವರು ನಿನ್ನ ಮಡಿಲನ್ನು ತಣ್ಣಗಿಟ್ಟಿರಲಿ. ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು, ಗಡ್ಡ ಚುಚ್ಚದ ಹಾಗೆ ನೀನೇ ಕೊಡು.

ಇಂತಿ,
ನಿನ್ನ ತಾತ

ಮ.ಮಾ.: ಲಕೋಟೆ ಅಂಟಿಸುವಾಗ ನಿನ್ನಪ್ಪ ಬಂದ. ಕೈಯಿಂದ ಕಸಿದುಕೊಂಡು ನಿಂತೇ ಪೂರ್ತಿ ಓದಿದ. ನಿನ್ನ ಕಾರ್ಡನ್ನೂ ಕೇಳಿ ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಅಪ್ಪಾ, ಮಗು ಗಂಡಾ ಹೆಣ್ಣಾ?" ಅಂದ. ‘ಮಗು ಚೆನ್ನಾಗಿದೆ’ ಅಂತಷ್ಟೇ ಬರೆದಿದ್ದೀಯ, ಅದರಲ್ಲಿ ಯಾರಿಗೆ ಏನು ಗೊತ್ತಾಗಬೇಕು? "ಹಾಗಾದ್ರೆ ಪತ್ರದಲ್ಲಿ ಕೇಳಿ" ಅಂದ. ನಾನು ಕೇಳಲ್ಲ ಅಂದೆ. ನೀನೂ ಬರೆದು ತಿಳಿಸಬೇಡ, ಫೋನಿನಲ್ಲೂ ಹೇಳಬೇಡ. ಶನಿವಾರ ಎಲ್ಲ ಬಸ್ಸಿಗೂ ಅವನು ನಿಲ್ದಾಣದಲ್ಲಿ ನಿಂತಿರುತ್ತಾನೆ. ಅವನ ಕೈಗೆ ಮಗು ಕೊಟ್ಟು, ಆಮೇಲೆ ಹೇಳು.